ಹಾರ ಹಾಕದ ಫೋಟೋ

ಮಹಾಲಯ ಅಮಾವಾಸ್ಯೆ, ಮಗ್ಗಗಳಿಗೆ ರಜೆ. ದಿನವಿಡೀ ಕಿವಿ ತುಂಬುತ್ತಿದ್ದ ಲಟಪಟ ಸದ್ದು ನಿಂತು ದೊಡ್ಡಬಳ್ಳಾಪುರದ ಆ ಬೀದಿ ಎಷ್ಟು ಮೌನವಾಗಿತ್ತೆಂದರೆ, ಅಡುಗೆಮನೆಯಲ್ಲಿ ಎಣ್ಣೆಗೆ ವಡೆ ಬಿದ್ದದ್ದು ಹಜಾರಕ್ಕೆ ಕೇಳುತ್ತಿತ್ತು. ಅಂದಮೇಲೆ ಹಜಾರದ ಮಾತೂ ಅಲ್ಲಿಗೆ ಕೇಳುತ್ತದೆ. ಬಿಂದುಶ್ರೀಗೆ ಅದೇ ಭಯ. ಅಜ್ಜಿ ಆದಿಲಕ್ಷ್ಮಮ್ಮ ಅಡುಗೆಮನೆಯ ಹೊಸ್ತಿಲ ಆಚೆ ಕೂತು ಸೇವಂತಿಗೆ ಕಟ್ಟುತ್ತಿದ್ದಳು.

ಮೇಜಿನ ಮೇಲೆ ಅಜ್ಜಿಯ ಅಪ್ಪನ ಫೋಟೋ ಅಂಗಾತ ಮಲಗಿತ್ತು. ಖಾಕಿ ಅಂಗಿ, ಓರೆ ಟೋಪಿ, ಎದೆಯ ಮೇಲೆ ಬೆರಳಗಲದ ಪಟ್ಟಿ, ಕೆಳಗೆ ಮೂಲೆಯಲ್ಲಿ ಬೆಂಗಳೂರಿನ ಸ್ಟುಡಿಯೋ ಮುದ್ರೆ. ಆ ಮನೆಯ ಗೋಡೆಯಲ್ಲಿ ತೀರಿಹೋದ ಹಿರಿಯರಿಗೆಲ್ಲ ಹಾರವಿತ್ತು, ಇವನೊಬ್ಬನಿಗಿಲ್ಲ. ಅಜ್ಜಿ ಇನ್ನೂ ಹೊಟ್ಟೆಯಲ್ಲಿದ್ದಾಗ ಯುದ್ಧಕ್ಕೆ ಹೋದವನು. ಸತ್ತನೆಂಬ ಕಾಗದವೂ ಬರಲಿಲ್ಲ, ಅವನೂ ಬರಲಿಲ್ಲ. ಅಜ್ಜಿಯ ತಾಯಿ ಸಪ್ಪಲಮ್ಮ ಕೊನೆಯ ಉಸಿರಿನವರೆಗೂ ಕೈಬಳೆ ತೆಗೆಯಲಿಲ್ಲ. ಸಾಯುವಾಗಲೂ ಮಗಳ ಕೈ ಹಿಡಿದು, "ನಿಮ್ಮಪ್ಪನಿಗೆ ಎಡೆ ಇಡಬೇಡ" ಎಂದು ಮಾತು ತಗೊಂಡಿದ್ದಳು.

"ಈಗ ಬದುಕಿದ್ರೂ ನೂರು ದಾಟಿರುತ್ತೆ, ಇಟ್ಬಿಡಮ್ಮ" ಎಂದು ಬಿಂದುಶ್ರೀಯ ಅಪ್ಪ ರಾಮಲಿಂಗಯ್ಯ ಎಷ್ಟೋ ಸಲ ಹೇಳಿದ್ದ. ಅಜ್ಜಿ ಒಪ್ಪಿರಲಿಲ್ಲ. ಆದರೆ ಹೋದ ತಿಂಗಳು ಆಸ್ಪತ್ರೆಯಿಂದ ಬಂದ ಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಕರೆದು, "ಎಂಬತ್ತು ವರ್ಷದಿಂದ ನಮ್ಮಪ್ಪ ಹಸ್ಕೊಂಡು ಅಲೀತಿದಾನೋ ಏನೋ ಕಣೇ. ಯುದ್ಧದಲ್ಲೇ ಹೋದ ಅಂತ ಯಾರಾದ್ರೂ ತೋರಿಸ್ಕೊಟ್ರೆ ಸಾಕು, ಅಮ್ಮನ ಮಾತು ಮೀರಿ ಒಂದು ತುತ್ತು ಇಡ್ತೀನಿ" ಅಂದಿದ್ದಳು. ಅವತ್ತೇ ಅವನ ಎಡೆಗೆಂದು ಒಂದು ಜೊತೆ ಪಂಚೆಯನ್ನೂ ತರಿಸಿಟ್ಟಿದ್ದಳು.

ಬಿಂದುಶ್ರೀ ಬೆಳೆದದ್ದೇ ಆ ಫೋಟೋದ ಕಥೆ ಕೇಳಿಕೊಂಡು. ಹಡಗು ಹತ್ತುವ ಮುಂಚೆ ಬೆಂಗಳೂರು ದಂಡಿನ ಸ್ಟುಡಿಯೋದಲ್ಲಿ ತೆಗೆಸಿ, ಬಸುರಿ ಹೆಂಡತಿಗೆ ಅಂಚೆಯಲ್ಲಿ ಕಳಿಸಿದ್ದು. ಆಮೇಲೆ ಬರ್ಮಾದ ಯಾವುದೋ ಹೊಳೆಯ ಮೇಲೆ, ಗುಂಡಿನ ಮಳೆಯಲ್ಲಿ ಸೇತುವೆ ಕಟ್ಟುತ್ತಾ ನಿಂತವನು. ಮಗುವಾಗಿದ್ದಾಗ ಅವಳು ಅಜ್ಜಿಯ ಸೆರಗು ಹೊದ್ದು ಮಲಗಿದರೆ, ಗೋಡೆಯ ಬಿರುಕೇ ಹೊಳೆಯಾಗಿ, ಅದರ ಮೇಲೆ ಆ ಓರೆ ಟೋಪಿ ನಡೆದುಹೋಗುತ್ತಿತ್ತು.

ಸಮವಸ್ತ್ರ ಯಾವ ಪಡೆಯದು ಎಂದು ತಿಳಿದರೆ ದಾಖಲೆ ಕೇಳಬಹುದು. ಅದಕ್ಕೇ ಗೆಳತಿ ಅರ್ಪಿತಳ ಅಪ್ಪ, ಸೂಲಿಬೆಲೆಯ ನಿವೃತ್ತ ಹವಾಲ್ದಾರ್ ಕೆಂಪರಾಜು ಬಂದಿದ್ದರು. ಹೋಲಿಸಿ ನೋಡಲೆಂದು ತಮ್ಮ ತಾತನ ಪದಕವನ್ನೂ ಡಬ್ಬಿಯಲ್ಲಿ ತಂದಿದ್ದರು.

"ಪಡೆ ಯಾವ್ದು ಅಂತ ಭುಜದ ಅಕ್ಷರ ಸಿಕ್ಕಿದ್ರೆ ಹೇಳ್ಬೋದಿತ್ತು, ಅದು ಅಳಿಸೋಗಿದೆ" ಎಂದರು ಕೆಂಪರಾಜು. "ಆದ್ರೆ ಈ ಎದೆ ಪಟ್ಟಿ ಐತಲ್ಲ, ಇದು ಪದಕದ ರಿಬ್ಬನ್ನು. ಇದರಲ್ಲಿ ಗೀಟು ಹೆಂಗವೆ ಅಂತ ಗೊತ್ತಾಗ್ಬೇಕು. ನನ್ನ ಕಣ್ಣಿಗೆ ಹತ್ತಲ್ಲ."

"ಗೀಟು ತಾನೆ? ಕೊಡಿ ಇಲ್ಲಿ" ಎಂದ ರಾಮಲಿಂಗಯ್ಯ. ನಲವತ್ತು ವರ್ಷ ಸೀರೆ ಅಂಚು ನೋಡಿದ ಕಣ್ಣು. ಎಳೆ ಎಣಿಸುವ ಭೂತಗನ್ನಡಿ ತಂದು ಗಾಜಿನ ಮೇಲಿಟ್ಟು ಬಗ್ಗಿದ. ಉಸಿರು ಗಾಜಿಗೆ ತಾಗಿ ಮಂಜಾಯಿತು. ಒರೆಸಿ ಮತ್ತೆ ಬಗ್ಗಿದ.

"ಎರಡು ಪಕ್ಕ ಅಗಲ ಅಂಚು. ಅದರೊಳಗೆ ಪಕ್ಕಕ್ಕೊಂದು ಕಪ್ಪು ಪಟ್ಟೆ. ಮಧ್ಯ ಎರಡು ಬಿಳಿ ಗೀಟು, ಅವುಗಳ ನಡುವೆ ಕೂದಲೆಳೆಯಂಗೆ ಒಂದು ಕಪ್ಪು."

ಕೆಂಪರಾಜು ಡಬ್ಬಿ ತೆಗೆದು ತಾತನ ಪದಕವನ್ನು ಫೋಟೋದ ಪಕ್ಕ ಇಟ್ಟರು. ಕೆಂಪು, ನೀಲಿ, ಬಿಳಿ, ನಡುವೆ ತೆಳು ಕೆಂಪು. ಬಣ್ಣ ಕಳೆದು ನೋಡಿದರೆ ಅದೇ ಅಂಚು. ಅವರ ಮುಖ ಸಣ್ಣದಾಯಿತು.

"ಏನಂಕಲ್?" ಬಿಂದುಶ್ರೀ ಪಿಸುಗುಟ್ಟಿದಳು.

"ಇದು ಯುದ್ಧ ಮುಗಿದ ಮೇಲೆ ಕೊಟ್ಟಿದ್ದು ಕಣಮ್ಮ. ಮುಗಿಯೋದಕ್ಕೆ ಮುಂಚೆ ಈ ರಿಬ್ಬನ್ನೇ ಇರ್ಲಿಲ್ಲ."

ಬಿಂದುಶ್ರೀಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಅರ್ಥವಾಯಿತು. ಹಡಗು ಹತ್ತುವ ಮುಂಚಿನ ಫೋಟೋ ಅಲ್ಲ ಇದು. ಯುದ್ಧ ಮುಗಿಸಿ, ಬದುಕಿ, ಬೆಂಗಳೂರಿನ ದಂಡಿಗೆ ವಾಪಸ್ಸು ಬಂದು, ಎದೆಗೆ ಪಟ್ಟಿ ಹಚ್ಚಿಕೊಂಡು ಕ್ಯಾಮೆರಾ ಮುಂದೆ ನಿಂತಿದ್ದಾನೆ. ಅಲ್ಲಿಂದ ಈ ಊರಿಗೆ ರೈಲಿನಲ್ಲಿ ಅರ್ಧ ದಿನವೂ ಬೇಡ.

"ಸತ್ತವರ ಪದಕವೂ ಮನೆಗೆ ಬರ್ತಿತ್ತು" ಎಂದರು ಕೆಂಪರಾಜು ಇನ್ನಷ್ಟು ಮೆಲ್ಲಗೆ. "ಆದ್ರೆ ಸತ್ತವರು ಫೋಟೋ ತೆಗೆಸ್ಕೊಳಲ್ಲ. ನೋಡಿ ರಾಮಲಿಂಗಣ್ಣ, ಯುದ್ಧದಲ್ಲೇ ಹೋದ್ರು ಅಂತ ನಾನೇ ಹೇಳ್ಬಿಡ್ತೀನಿ. ಮಿಲಿಟ್ರಿಯವನ ಮಾತು, ಅಮ್ಮ ನಂಬ್ತಾರೆ. ಎಡೆ ಇಟ್ಟು ನೆಮ್ಮದಿಯಾಗಿರಲಿ."

ರಾಮಲಿಂಗಯ್ಯ ಮಗಳ ಮುಖ ನೋಡಿದ. ಹೂಂ ಅಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಹಡಗು, ಹೊಳೆ, ಸೇತುವೆ, ಎಲ್ಲ ಹಾಗೇ ಉಳಿಯುತ್ತಿತ್ತು. ಬಿಂದುಶ್ರೀ ಬಾಯಿ ತೆರೆದಳು.

"ನನ್ನ ಕಿವಿಗೇನೂ ಆಗಿಲ್ಲಪ್ಪ ಕೆಂಪರಾಜು."

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅರ್ಧ ಕಟ್ಟಿದ ಹಾರ ಕೈಯಿಂದ ಇಳಿಬಿದ್ದಿತ್ತು. ಅವಳು ಮೇಜಿನ ಹತ್ತಿರ ಬಂದು, ಭೂತಗನ್ನಡಿಗೆ ಕಣ್ಣಿಟ್ಟು ತುಂಬಾ ಹೊತ್ತು ನೋಡಿದಳು. ಪಟ್ಟಿಯನ್ನಲ್ಲ, ಮುಖವನ್ನು.

"ಯುದ್ಧ ಮುಗಿದಾಗ ನನಗೆಷ್ಟು ವಯಸ್ಸೇ?"

"ನಾಲ್ಕೋ ಐದೋ, ಅಜ್ಜಿ."

"ನಾನು ಹೊಟ್ಟೇಲಿದ್ದಾಗ ಬಂದ ಫೋಟೋ ಅಂತ ಹೇಳಿದ್ದು ನಮ್ಮಮ್ಮ." ಅಜ್ಜಿ ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದಳು. "ಹಂಗಾದ್ರೆ ಅವಳಿಗೆ ಗೊತ್ತಿತ್ತು. ಎಲ್ಲೋ ಸುಖವಾಗಿದಾನೆ ಅಂತ ಗೊತ್ತಿತ್ತು. ಬಳೆ ತೆಗೀದೇ ಇದ್ದದ್ದು ಕಾಯೋದಕ್ಕಲ್ಲ ಕಣೇ, ಗೊತ್ತಿದ್ದದ್ದಕ್ಕೆ. ಇಷ್ಟೆಲ್ಲ ಕಥೆ ಕಟ್ಟಿ ನನ್ನ ಮಲಗಿಸ್ತಿದ್ಲಲ್ಲ ಪ್ರತಿ ರಾತ್ರಿ..."

"ಅಮ್ಮಾ, ಕೂತ್ಕೊ" ಎಂದ ರಾಮಲಿಂಗಯ್ಯ.

"ಕೂರಲ್ಲ." ಅವಳು ಬೆರಳಿನಿಂದ ಗಾಜಿನ ಮೇಲೆ ತಟ್ಟಿದಳು. "ಅಂಗಿ ಗುಂಡಿ ನೋಡೋ, ಕಿತ್ಕೊಂಡ್ ಬರ್ತಾ ಇದೆ. ಹಸ್ಕೊಂಡಿರೋ ಮೈಯಾ ಇದು? ಯಾವ ಮನೇಲೋ ಇವತ್ತು ಇವನಿಗೆ ಎಲೆ ಹಾಸಿರ್ತಾರೆ. ಎಂಬತ್ತು ವರ್ಷ ನಾನು ಪಾಯಸದ ಬಟ್ಟಲು ಮುಟ್ಟಿದಾಗೆಲ್ಲ ಹೊಟ್ಟೆ ಕಿವುಚ್ತಿತ್ತು. ಸುಮ್ನೆ."

ಕೆಂಪರಾಜು ತಾತನ ಪದಕವನ್ನು ಡಬ್ಬಿಗೆ ಹಾಕಿದರು. "ದಾಖಲೆ ಕೇಳೋಣ ಅಮ್ಮ. ಆಮೇಲೆ ಎಲ್ಲಿದ್ರು, ಯಾವಾಗ ಹೋದ್ರು..."

"ಕೇಳಿ. ಬೇಡ ಅನ್ನಲ್ಲ. ಮುಂದಿನ ವರ್ಷದ ಮಾತು ಅದು. ಪಂಚೆ ತಗೊಂಡು ನೀನು ಉಟ್ಕೋ ರಾಮಲಿಂಗ. ಬಿಂದೂ, ಎಲೆ ಹಾಸು. ಒಂದೇ."

ಬಿಂದುಶ್ರೀ ಸಪ್ಪಲಮ್ಮನ ಫೋಟೋ ಮುಂದೆ ಎಲೆ ಹಾಸಿದಳು. ಅಜ್ಜಿ ತಾನೇ ಬಡಿಸಿದಳು: ಒಬ್ಬಟ್ಟು, ಚಿತ್ರಾನ್ನ, ವಡೆ, ಎಲೆಯ ತುದಿ ಮೀರಿ ಹರಿಯುವಷ್ಟು ಪಾಯಸ. "ಸಾಕು ಅಜ್ಜಿ, ಚೆಲ್ಲುತ್ತೆ" ಅಂದರೆ ಕೇಳಲಿಲ್ಲ. ಬಡಿಸುತ್ತಲೇ ಫೋಟೋವನ್ನು ಗದರಿದಳು, "ನನ್ನ ಹತ್ರ ಒಂದ್ ಮಾತು ಹೇಳ್ಬಾರ್ದಿತ್ತೇನೇ? ನಾನೇನು ಕೊನೇವರೆಗೂ ಚಿಕ್ಕೋಳೇ ಆಗಿದ್ನಾ?"

ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಬೀದಿಗೆ ಬಂದು ನಿಂತರು. ಐದು ನಿಮಿಷಕ್ಕೆ ಪ್ರತಿ ವರ್ಷ ಬಾಗಿಲು ತೆರೆಯುತ್ತಿದ್ದ ರಾಮಲಿಂಗಯ್ಯ ಚಿಲಕಕ್ಕೆ ಕೈ ಹಾಕಿದ. ಅಜ್ಜಿ ಅವನ ಕೈ ಹಿಡಿದಳು.

"ಇರಪ್ಪ. ನಿಧಾನಕ್ಕೆ ಉಣ್ಲಿ."