ಗುರುವಾರದ ಚೀಟಿ

"ಅಣ್ಣಾ, ಗದ್ದ ಎತ್ತು. ಉಗುಳು ನುಂಗ್ಬೇಡ, ಕುಯ್ದುಹೋಗುತ್ತೆ," ಎಂದ ಕ್ಷೌರದವನು.

ಬೋರ್ಡಣ್ಣ ಗದ್ದ ಎತ್ತಿದ. ಉಗುಳನ್ನಂತೂ ನುಂಗಿಯೇ ನುಂಗಿದ. ಹಿತ್ತಿಲ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಅವನನ್ನು ಕೂರಿಸಿದ್ದರು. ಒಳಕೋಣೆಯ ಬಾಗಿಲು ಹಾಕಿಕೊಂಡು ತೀರಿಕೊಂಡ ಅವನ ಹೆಂಡತಿಗೆ ಅವಳ ಅಕ್ಕನೂ ಪಕ್ಕದ ಮನೆಯ ನರ್ಸಕ್ಕನೂ ಕೊನೆಯ ಸಲ ಮೈ ತೊಳೆಯುತ್ತಿದ್ದರು. ಏಳು ವರ್ಷದಲ್ಲಿ ಆ ಕೆಲಸ ಅವನಿಲ್ಲದೆ ನಡೆದದ್ದು ಇದೇ ಮೊದಲು. ಬಕೆಟ್ಟಿನ ಸದ್ದು ಕೇಳಿದಾಗಲೆಲ್ಲ ಅವನು ಏಳಲು ನೋಡುತ್ತಿದ್ದ, ಕ್ಷೌರದವನು ಹೆಗಲು ಒತ್ತಿ ಕೂರಿಸುತ್ತಿದ್ದ.

ಊರಿನ ಅರ್ಧ ಅಂಗಡಿಗಳ ನಾಮಫಲಕ ಬರೆದವನು ಅವನು, ಅದಕ್ಕೇ ಬೋರ್ಡಣ್ಣ. ಅವಳು ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಹೊರಡುವ ಬಸ್ಸುಗಳನ್ನು ಕೂಗಿದವಳು, ಅದಕ್ಕೇ ಮೈಕಮ್ಮ. ಇಬ್ಬರ ನಿಜವಾದ ಹೆಸರೂ ಅಂಚೆಯವನಿಗೆ ಮಾತ್ರ ನೆನಪಿತ್ತೋ ಏನೋ.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ತೀಯಾ?" ಎಂದ ಬೋರ್ಡಣ್ಣ, ಸೋಪಿನ ನೊರೆಯ ಒಳಗಿಂದ.

"ಕೇಳು."

"ಹೋದ ಗುರುವಾರ ನಿನಗೆ ಬಂದ ಚೀಟೀಲಿ ಏನಿತ್ತು?"

ಕತ್ತಿ ನಿಂತಿತು. "ಅದು ಕೇಳೋ ಹಂಗಿಲ್ಲ, ಹೇಳೋ ಹಂಗೂ ಇಲ್ಲ. ರೂಲು ಮರೆತುಹೋಯ್ತಾ?"

"ಇವತ್ತೊಂದಿನ ಹೇಳು."

"ಇವತ್ತು ನಿನಗೆ ಇಲ್ಲ ಅಂದ್ರೆ ನಾನು ಮನುಷ್ಯನಾ?" ಕ್ಷೌರದವನು ಆಚೀಚೆ ನೋಡಿ ದನಿ ತಗ್ಗಿಸಿದ. "ಯಾರದೋ ಮಂಡಿನೋವು. ಐದು ದಿನದಿಂದ ಬೇಡ್ಕೊತಾ ಇದೀನಿ. ಅವರಿಗೆ ವಾಸಿ ಆಯ್ತೋ ಇಲ್ವೋ, ಮೊನ್ನೆಯಿಂದ ನನಗೆ ಹಿಡ್ಕೊಂಡಿದೆ."

ಬೋರ್ಡಣ್ಣನಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಒಬ್ಬನ ಮೇಲಿನ ಅನುಮಾನ ಕಳೆಯಿತು. ಇನ್ನು ಉಳಿದವರು ಮೂವರು.

•

ಏಳು ವರ್ಷದ ಹಿಂದೆ, ಹತ್ತೂಕಾಲರ ಬಸ್ಸನ್ನು ಕೂಗುತ್ತಿದ್ದ ಮೈಕಮ್ಮನ ದನಿ ಊರಿನ ಹೆಸರಿನ ನಡುವೆಯೇ ನಿಂತುಹೋಗಿತ್ತು. ಕರೆಂಟು ಹೋಯಿತೆಂದು ಪ್ರಯಾಣಿಕರು ಗೊಣಗಿದರು. ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳ ಬಲಗೈ, ಬಲಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಮಾತಿನಲ್ಲಿ ಉಳಿದಿದ್ದದ್ದು 'ಬೇಡ' ಎಂಬುದೊಂದೇ. ನೀರು ಬೇಕಾ ಎಂದರೂ ಬೇಡ, ಬೇಡವಾ ಎಂದರೂ ಬೇಡ. ಆರು ತಿಂಗಳಲ್ಲಿ ಬೋರ್ಡಣ್ಣ ಹನ್ನೊಂದು ತರಹದ ಬೇಡಗಳನ್ನು ಬೇರೆಬೇರೆಯಾಗಿ ಗುರುತಿಸುವಷ್ಟು ಪಳಗಿದ. "ನಮ್ಮನೇಲಿ ಎಲ್ಲಾ ಮಾತೂ ಇದೆ, ಒಂದೂ ಅರ್ಥ ಆಗಲ್ಲ. ನಿಂದೇ ವಾಸಿ," ಎಂದು ಕ್ಷೌರದವನು ರೇಗಿಸಿದಾಗ ಮೈಕಮ್ಮ ಅರ್ಧ ಬಾಯಲ್ಲಿ ನಕ್ಕಿದ್ದಳು.

ಎರಡು ಗಂಟೆಗೊಮ್ಮೆ ಅವಳನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನರ್ಸಕ್ಕ ಹೇಳಿಕೊಟ್ಟಳು. ಹಗಲೂ ಇರುಳೂ ಎರಡು ಗಂಟೆಗೊಮ್ಮೆ ಅಲಾರಂ ಹೊಡೆಯುತ್ತಿತ್ತು. ನಿವೃತ್ತ ಮೇಷ್ಟ್ರು ದಿನಾ ಬಂದು ಪೇಪರು ಓದುತ್ತಿದ್ದರು, ಕಾಣೆಯಾಗಿದ್ದಾರೆ ಜಾಹೀರಾತನ್ನೂ ಬಿಡದೆ. ಭಾನುವಾರ ಕ್ಷೌರದವನು ಬಂದು ಅವಳ ತಲೆ ತೊಳೆದು ಕೂದಲು ಬಾಚುತ್ತಿದ್ದ. ಮಧ್ಯಾಹ್ನ ಅವಳ ಅಕ್ಕ ಬಂದು ಕೂರುತ್ತಿದ್ದಳು, ಬೋರ್ಡಣ್ಣ ಬಣ್ಣದ ಡಬ್ಬಿ ಹಿಡಿದು ಎರಡು ಗಂಟೆ ದುಡಿದು ಬರುತ್ತಿದ್ದ. ಅಕ್ಕನಿಗೆ ಓಣಿಯವರೆಲ್ಲ ಇಟ್ಟ ಹೆಸರು ಹೈಕೋರ್ಟು. ಆಕೆ ತೀರ್ಪು ಕೊಟ್ಟ ಮೇಲೆ ಅಪೀಲಿಲ್ಲ.

ದೇವರ ಜೊತೆ ಬೋರ್ಡಣ್ಣನ ವ್ಯವಹಾರ ಅಲ್ಲಿಯವರೆಗೆ ದೇವರ ಹೆಸರಿಟ್ಟುಕೊಂಡ ಅಂಗಡಿಗಳಿಗೆ ಬೋರ್ಡು ಬರೆಯುವಷ್ಟೇ. ಗುರುವಾರದ ಪ್ರಾರ್ಥನೆ ಅವಳದ್ದು. ಈ ನಾಲ್ವರೂ ಅವಳೂ ಮೇಷ್ಟ್ರ ಮನೆಯ ಮಹಡಿಯಲ್ಲಿ ಸೇರುತ್ತಿದ್ದರು. ಅವಳು ಮೆಟ್ಟಿಲು ಹತ್ತಲಾರಳೆಂದು ಗುಂಪು ತಾನೇ ಇಳಿದು ಇವರ ಮುಂಗೋಣೆಗೆ ಬಂತು. ಮೊದಲ ವರ್ಷ ಅವನು ಬರೀ ಚಹಾ ಮಾಡಿಕೊಟ್ಟ. ಎರಡನೆಯ ವರ್ಷ ಮೂಲೆಯಲ್ಲಿ ಕೂತ. ಆಮೇಲೆ ತಾನೂ ಚೀಟಿ ಬರೆದ.

ಚೀಟಿಯ ಕ್ರಮ ಸರಳ. ಎಲ್ಲರೂ ತಮಗೆ ಬೇಕಾದ್ದನ್ನು ಹೆಸರಿಲ್ಲದೆ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು, ಕುಲುಕಿ ಒಬ್ಬೊಬ್ಬರೂ ಒಂದೊಂದು ಎತ್ತುವುದು. ಬಂದದ್ದು ಯಾರದೆಂದು ಕೇಳದೆ, ಏನೆಂದು ಯಾರಿಗೂ ಹೇಳದೆ, ಒಂದು ವಾರ ಅದಕ್ಕಾಗಿ ಬೇಡಿಕೊಳ್ಳುವುದು. ಈಡೇರಿದ ಚೀಟಿಯನ್ನು ಬೇಡಿಕೊಂಡವರೇ ಹರಿದುಹಾಕುವುದು. ಬೋರ್ಡಣ್ಣ ವಾರವಾರವೂ ಒಂದೇ ಬರೆಯುತ್ತಿದ್ದ: ಅವಳಿಗೆ ವಾಸಿಯಾಗಲಿ. ಅವಳಿಗೆ ವಾಸಿಯಾಗಲಿಲ್ಲ. ಆದರೆ ಈ ವಾರ ಯಾರೋ ಒಬ್ಬರು ತಮ್ಮ ತಾಪತ್ರಯ ಬಿಟ್ಟು ತನ್ನದನ್ನು ಹೊತ್ತಿದ್ದಾರೆ ಎಂದು ನೆನೆದರೆ ಅಲಾರಂ ಕೇಳಿದಾಗ ಎದ್ದು ಕೂರಲು ಆಗುತ್ತಿತ್ತು. ಅದು ಸಣ್ಣ ಸಹಾಯವಲ್ಲ.

•

ಮುಂಗೋಣೆ ತುಂಬಿತು. ಮೈಕಮ್ಮನನ್ನು ಕಿಟಕಿಯ ಪಕ್ಕ ಸ್ಟ್ರೆಚರಿನ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಬಸ್ ನಿಲ್ದಾಣದವರು ಗುಂಪಾಗಿ ಬಂದರು.

"ಅಮ್ಮ ಕೂಗದೆ ನಾನು ಗೇರು ಹಾಕಿದ್ದೇ ಇಲ್ಲ ಸಾರ್," ಎಂದ ಒಬ್ಬ ಹಳೆಯ ಡ್ರೈವರು. "ಒಂದಿನ ಕಂಟ್ರೋಲರ್ ಬಂದು 'ಟೈಮಾಯ್ತು ಹೊರಡು' ಅಂದ್ರು. ಅಮ್ಮ ಇನ್ನೂ ಕೂಗಿಲ್ಲ ಅಂದೆ. ನೋಡಿದ್ರೆ ಯಾರೋ ಮಗು ಕಳ್ಕೊಂಡು ಅಳ್ತಿದ್ರು, ಅಮ್ಮ ನಮ್ಮನ್ನೆಲ್ಲ ಬಿಟ್ಟು ಮಗೂನೇ ಕೂಗ್ತಾ ಇದ್ರು. ಸಿಕ್ಕೋವರೆಗೂ ಒಂದು ಬಸ್ಸನ್ನೂ ಬಿಡಲಿಲ್ಲ."

"ನಾಲ್ಕು ಬಸ್ಸು ಲೇಟು. ಮೆಮೊ ಬಂತು," ಎಂದ ಬೋರ್ಡಣ್ಣ. "ಅದನ್ನ ಕನ್ನಡಿ ಪಕ್ಕ ಅಂಟಿಸಿಕೊಂಡಿದ್ಲು."

ಮೇಷ್ಟ್ರು ಬಂದು ಅವನ ಕೈ ಹಿಡಿದು ಪಕ್ಕದಲ್ಲಿ ಕೂತರು. ಕೂರುವಾಗ ಮಂಡಿ ಹಿಡಿದುಕೊಂಡು "ಅಮ್ಮಾ" ಎಂದರು. ಆ ಚೀಟಿ ಯಾರದೆಂದು ಬೋರ್ಡಣ್ಣನಿಗೆ ತಿಳಿಯಿತು.

"ಮೇಷ್ಟ್ರೇ, ನಿಮಗೆ ಗುರುವಾರ..."

"ಬಂದ ಚೀಟೀನಾ?" ಮೇಷ್ಟ್ರು ಅವನ ಮುಖ ನೋಡಿದರು. ಏನನ್ನಿಸಿತೋ, ಕಿವಿಯ ಬಳಿ ಬಾಗಿದರು. "ಯಾರದೋ ಮನೆಯ ಹಿಂದಿನ ನಾಯಿ ಬೊಗಳೋದು ನಿಲ್ಲಿಸಲಿ ಅಂತ. ನಲವತ್ತು ವರ್ಷ ಮಕ್ಕಳನ್ನೇ ಸುಮ್ಮನಿರಿಸೋಕಾಗಲಿಲ್ಲ ನನಗೆ. ಯಾಕಪ್ಪಾ?"

"ಏನಿಲ್ಲ."

ನರ್ಸಕ್ಕ ಒದ್ದೆ ಬಟ್ಟೆಗಳ ಬುಟ್ಟಿ ಹೊತ್ತು ಹಿತ್ತಿಲಿಗೆ ಹೊರಟಾಗ ಅವನು ಹಿಂದೆಯೇ ಹೋದ. ಅವಳು ಸುತ್ತಿಬಳಸಲಿಲ್ಲ. "ಯಾರದೋ ಮಗಳ ಪರೀಕ್ಷೆ. ಕ್ಷೌರದವನ ಮಗಳೇ ಇರ್ಬೇಕು, ಬೇರೆ ಯಾರ ಮಗಳಿದಾಳೆ ನಮ್ಮಲ್ಲಿ? ನೀವ್ಯಾಕೆ ಹೀಗೆ ಬೆವರ್ತಾ ಇದೀರಾ? ಕೂತ್ಕೊಳ್ಳಿ, ನೀರು ತರ್ತೀನಿ."

ಹಾಗಾದರೆ ತಾನು ಬರೆದದ್ದು ಹೈಕೋರ್ಟಿನ ಕೈಗೇ ಸಿಕ್ಕಿದೆ.

•

ಹೋದ ಗುರುವಾರ ಮಧ್ಯಾಹ್ನ ಬೋರ್ಡಣ್ಣ ಮೈಕಮ್ಮನ ಸೊಂಟದ ಹುಣ್ಣು ತೊಳೆಯುತ್ತಿದ್ದ. ಎರಡು ಗಂಟೆಯ ಲೆಕ್ಕವನ್ನು ಒಂದು ಸಲವೂ ತಪ್ಪಿಸದಿದ್ದರೂ ಹುಣ್ಣು ಬಾಯಿಬಿಟ್ಟಿತ್ತು. ಮೂರು ತಿಂಗಳಿಂದ ಗಂಟಲಲ್ಲಿ ಗಂಜಿಯೂ ಸರಿಯಾಗಿ ಇಳಿಯುತ್ತಿರಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಅವಳು ಕಣ್ಣು ಬಿಡುವುದೇ ಅಪರೂಪವಾಗಿ, ಡಬ್ಬಿಯನ್ನು ಅವಳ ಹತ್ತಿರ ಒಯ್ಯುವುದನ್ನೂ ನಿಲ್ಲಿಸಿದ್ದರು. ಅವತ್ತು ಹತ್ತಿ ತಾಗಿದಾಗ ಅವಳು ಬೇಡ ಎನ್ನಲಿಲ್ಲ. ಹನ್ನೊಂದರಲ್ಲಿ ಒಂದು ಬೇಡವೂ ಬರಲಿಲ್ಲ. ಎಡಗಣ್ಣಿನಿಂದ ನೀರು ಇಳಿದು ದಿಂಬಿಗೆ ಸೇರಿತು, ಅಷ್ಟೇ.

ಸಂಜೆ ಅವನು ಚೀಟಿಯಲ್ಲಿ ಬರೆದ: ಅವಳಿಗೆ ಸಾಕಾಗಿದೆ. ಕರೆದುಕೋ.

ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದ. ಬೋರ್ಡು ಬರೆದೂ ಬರೆದೂ ಆ ಎಡಗೈಗೂ ಅಕ್ಷರ ಒಲಿದಿತ್ತು. ತಲೆಕಟ್ಟುಗಳು ದಾರ ಹಿಡಿದಂತೆ ಸಾಲಾಗಿ ನಿಂತವು. ಅವನಿಗೆ ಅದು ಕಾಣಲೇ ಇಲ್ಲ. ಡಬ್ಬಿಗೆ ಹಾಕಿ, ಡಬ್ಬಿ ಸುತ್ತು ಬರುವಷ್ಟರಲ್ಲಿ ತಾನೂ ಒಂದು ಎತ್ತಿ ಜೇಬಿಗಿಟ್ಟು, ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಓಡಿದ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಮಗ್ಗುಲು ಬದಲಿಸಲು ಹೋದಾಗ ಅವಳ ಉಸಿರು ನಿಂತಿತ್ತು. ಅವನ ಬಾಯಿಂದ "ಅಬ್ಬಾ" ಎಂದು ಬಂತು. ದುಃಖದ ಅಬ್ಬಾ ಅಲ್ಲ. ದಿನವಿಡೀ ಏಣಿಯ ಮೇಲೆ ನಿಂತು ಬರೆದವನು ಸಂಜೆ ನೆಲಕ್ಕಿಳಿದಾಗ ಅನ್ನುತ್ತಾನಲ್ಲ, ಅದು. ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

•

ವ್ಯಾನಿನವನು ಬಂದು ಹನ್ನೆರಡಕ್ಕೆ ಹೊರಡಬೇಕೆಂದು ಹೇಳಿಹೋದ. ಹೈಕೋರ್ಟು ಅಡುಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ಬೋರ್ಡಣ್ಣ ಬಾಗಿಲಲ್ಲಿ ನಿಂತ.

"ಬೆಳಿಗ್ಗೆಯಿಂದ ಎಲ್ಲರ ಚೀಟಿ ವಿಚಾರಿಸ್ತಾ ಇದೀರಂತೆ," ಎಂದಳು, ತಿರುಗದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. "ಅಕ್ಕಾ, ಅದು... ನಾನು..."

ಆಕೆ ಕೈ ಒರೆಸಿಕೊಂಡು ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ಎಡಗೈಯಲ್ಲಿ ಬರೆದ್ರಾ?"

"ಹ್ಞೂಂ."

"ನನ್ನ ಬಲಗೈ ಇದರ ಅರ್ಧದಷ್ಟು ಚೆನ್ನಾಗಿ ಬರೆಯಲ್ಲ. ಕದಿಯೋಕೂ ಬರಲ್ಲ ನಿಮಗೆ."

"ಐದು ದಿನಕ್ಕೇ ಹೋಗಿಬಿಟ್ಲು ಅಕ್ಕಾ. ಐದು ವರ್ಷ ವಾಸಿ ಮಾಡು ಅಂದೆ, ಕೇಳಲಿಲ್ಲ. ಇದೊಂದನ್ನ ಕೇಳಿಬಿಟ್ಟ. ನಾನೇ ಕಳಿಸಿದ ಹಾಗಾಯ್ತು. ನೀವು ಬೈರಿ. ಎಲ್ಲರ ಮುಂದೆ ಬೈರಿ."

"ಬೈಯೋಣ ಅಂತಾನೇ ಇದ್ದೆ. ಓದಿದ ಕೂಡಲೇ ಕೋಪ ಬಂತು. ಯಾಕೆ ಅಂತ ಗೊತ್ತಾ? ಮೂರು ತಿಂಗಳಿಂದ ನಾನು ಬರೀಬೇಕು ಅಂತ ಪೆನ್ನು ಹಿಡಿದು ಬಿಡ್ತಾ ಇದ್ದದ್ದನ್ನ ಇವರು ಬರೆದುಬಿಟ್ರಲ್ಲ ಅಂತ." ಆಕೆ ಚೀಟಿಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ಆದರೆ ತೀರ್ಪು ಇನ್ನೂ ಮುಗಿದಿರಲಿಲ್ಲ. "ಇದಕ್ಕಾಗಿ ಬೇಡ್ಕೊಂಡಿದ್ದು ನಾನಲ್ಲ."

"ಮತ್ತೆ?"

"ನೀವು ಇಲ್ಲಿ ಲೋಟ ಕುಟ್ತಾ ಇದ್ರಿ. ನಾನು ಅವಳ ಪಕ್ಕ ಕೂತು ಚೀಟಿ ಬಿಚ್ಚಿದೆ. ನನ್ನ ಮುಖ ಏನಾಯ್ತೋ, ಅವಳು ಕಣ್ಣು ಬಿಟ್ಟು ನೋಡಿದ್ಲು. ಎಡಗೈ ಚಾಚಿದ್ಲು. ಕೊಡಲ್ಲ ಅಂದೆ. 'ಬೇಡ' ಅಂದ್ಲು. ಕೊಡು ಅನ್ನೋ ಬೇಡ. ಅದು ನನಗೂ ಗೊತ್ತು. ಚಿಕ್ಕೋಳಿದ್ದಾಗಿಂದ ಅವಳು ಕೇಳಿದ್ದನ್ನ ನಾನು ಯಾವತ್ತು ಇಲ್ಲ ಅಂದಿದೀನಿ? ಕೊಟ್ಟೆ."

ಬೋರ್ಡಣ್ಣ ಬಾಗಿಲು ದಾಟಿ ಒಳಗೆ ಬಂದ.

"ಓದಿದ್ಲಾ?"

"ತುಟಿ ಆಡಿಸಿಕೊಂಡು, ಒಂದೊಂದೇ ಅಕ್ಷರ. ಯಾರ ಬರಹ ಅಂತ ಹೇಳಬೇಕಾ? ನಿಲ್ದಾಣದ ಟೈಮ್ ಬೋರ್ಡು ಬರೆದವರು ನೀವು. ಮೂವತ್ತೊಂದು ವರ್ಷ ಅದನ್ನೇ ನೋಡ್ಕೊಂಡು ಕೂಗಿದವಳು ಅವಳು."

"ಅತ್ತಳಾ?"

"ಇಲ್ಲ ರೀ. ನಕ್ಕಳು. ಅರ್ಧ ಬಾಯಲ್ಲಿ. ಆಮೇಲೆ ಅಡುಗೆಮನೆ ಕಡೆ ಬೆರಳು ತೋರಿಸಿ, ಕೈಯನ್ನ ಕೆನ್ನೆ ಕೆಳಗೆ ಇಟ್ಟು ತಲೆ ವಾಲಿಸಿದ್ಲು. ಪಾಪ, ಅವರೂ ಇನ್ನು ಮಲಗಲಿ ಅಂತ." ಹೈಕೋರ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಮೇಲೆ ದಿನಾ ಮಧ್ಯಾಹ್ನ ನೀವು ಆ ಕಡೆ ಹೋದ್ಮೇಲೆ ಕೈ ಚಾಚೋಳು. ಚೀಟಿ ಕೊಡ್ತಿದ್ದೆ. ಹಿಡ್ಕೊಂಡು ಕಣ್ಣು ಮುಚ್ಕೊಂಡು ಬೇಡ್ಕೊಳ್ಳೋಳು, ವಾಪಸ್ ಕೊಡೋಳು. ಒಂದಿನಾನೂ ತಪ್ಪಿಸಲಿಲ್ಲ. ಡ್ಯೂಟಿ ವಿಷಯದಲ್ಲಿ ಅವಳು ಹೇಗೆ ಅಂತ ನಿಮಗೇ ಗೊತ್ತಲ್ಲ."

ಬೋರ್ಡಣ್ಣ ನೆಲಕ್ಕೆ ಕುಸಿದು ಕೂತು ಅತ್ತ. ಬೆಳಿಗ್ಗೆಯಿಂದ ಒಂದು ಹನಿಯೂ ಬಂದಿರಲಿಲ್ಲ. ಈಗ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತ ಅಳುತ್ತ ಎದೆಯ ಮೇಲಿನ ಚಪ್ಪಡಿ ಸರಿದಂತಾಗಿ ಉಸಿರು ಸಲೀಸಾಗಿ ಓಡಾಡತೊಡಗಿತು. ಹೈಕೋರ್ಟು ಉಳಿದ ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ಚೀಟಿಯನ್ನು ಅವನ ಕೈಗಿಟ್ಟಳು.

"ಈಡೇರಿದ ಚೀಟಿ. ಯಾರು ಹರೀಬೇಕು ಅಂತ ಗೊತ್ತಲ್ಲ. ಏಳಿ, ಹೊತ್ತಾಯ್ತು."

ಮುಂಗೋಣೆಯಲ್ಲಿ ಜನ ಎದ್ದು ನಿಂತಿದ್ದರು. ಬೋರ್ಡಣ್ಣ ಸ್ಟ್ರೆಚರಿನ ಎಡಕ್ಕೆ ಮಂಡಿಯೂರಿ ಕೂತು, ಬಟ್ಟೆ ಸರಿಸಿ ಮೈಕಮ್ಮನ ಎಡಗೈ ಹೊರತೆಗೆದ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದದ ಅಂಚು ಸಿಕ್ಕಿಸಿ ಎಳೆದ. ಜಾರಿ ಬಂತು. ಮತ್ತೆ ಸಿಕ್ಕಿಸಿ, ಅವಳ ಬೆರಳುಗಳನ್ನು ತನ್ನ ಬೆರಳುಗಳಿಂದ ಬಿಗಿಯಾಗಿ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಎಳೆದ. ಕಾಗದ ಹರಿಯಿತು. ಅವಳ ಪಾಲಿನ ತುಂಡನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿ, ಕೈಯನ್ನು ಬಟ್ಟೆಯೊಳಗೆ ಸೇರಿಸಿದ. ಅವನು ಏನು ಮಾಡುತ್ತಿದ್ದಾನೆಂದು ಗುರುವಾರದವರಿಗೆ ಗೊತ್ತಾಯಿತು.

"ಎತ್ತೋಣ," ಎಂದ.

ತಲೆಯ ಕಡೆ ಒಂದು ಹಿಡಿಕೆಗೆ ಅವನು, ಇನ್ನೊಂದಕ್ಕೆ ಕ್ಷೌರದವನು. ಕಾಲ ಕಡೆ ನರ್ಸಕ್ಕ ಕೈಹಾಕಿದಳು. ನಾಲ್ಕನೆಯದಕ್ಕೆ ಬಂದ ಡ್ರೈವರನ್ನು ಹೈಕೋರ್ಟು ಪಕ್ಕಕ್ಕೆ ಸರಿಸಿ ತಾನೇ ನಿಂತಳು. ಮೇಷ್ಟ್ರು ಮಂಡಿ ಹಿಡಿದುಕೊಂಡು ದಾರಿ ಬಿಡಿಸಿದರು. ಬೋರ್ಡಣ್ಣ ಕಾಲು ಅಗಲಿಸಿ, ಬೆನ್ನು ಗಟ್ಟಿ ಮಾಡಿ, ಏಳು ವರ್ಷದ ಅಭ್ಯಾಸದಂತೆ ಉಸಿರು ಬಿಗಿಹಿಡಿದು ಎತ್ತಿದ. ಅವನ ಮೂಲೆ ಮಿಕ್ಕ ಮೂರಕ್ಕಿಂತ ಒಂದು ಮೊಳ ಮೇಲೆ ಹೋಯಿತು.

"ಅಣ್ಣಾ, ಇಳಿಸು ಇಳಿಸು," ಎಂದ ಕ್ಷೌರದವನು. "ನಾವೂ ಹಿಡ್ಕೊಂಡಿದೀವಿ."