ಒಣಗಲು ಬಿಟ್ಟ ಹೀರೆಕಾಯಿ

ಅಕ್ಕ ಅಡುಗೆಮನೆಯ ಚಾಕುವಿನಿಂದಲೇ ಬಳ್ಳಿಯನ್ನು ಕೊಯ್ಯುತ್ತಿದ್ದಳು. ತಮ್ಮ ಬೆಳೆಸಿದ್ದ ತುಪ್ಪದ ಹೀರೆ ಹಿಂದಿನ ಮೆಟ್ಟಿಲಿನ ಕಂಬಿಗೆಲ್ಲ ಹಬ್ಬಿತ್ತು. ಅವನ ಹೆಣ ಇಳಿಯಬೇಕಾದದ್ದೂ ಅದೇ ಮೆಟ್ಟಿಲಿನಲ್ಲಿ. ಮನೆಯ ಮುಂದಿನ ಇಕ್ಕಟ್ಟು ಮೆಟ್ಟಿಲಿನಲ್ಲಿ ಬದುಕಿರುವವರೇ ಮೈ ಓರೆ ಮಾಡಿ ಇಳಿಯಬೇಕಿತ್ತು.

"ಕಾಯಿನೂ ಕಿತ್ತುಬಿಡು. ಹೊರೋರ ತಲೆಗೆ ಬಡಿಯುತ್ತೆ," ಎಂದ ಅವಳ ಗಂಡ.

ಏಳು ಕಾಯಿಗಳಿದ್ದವು. ಎರಡು ಹಳದಿಗೆ ತಿರುಗಿದ್ದವು, ಉಳಿದವು ಹಸಿರು. ಎಲ್ಲವನ್ನೂ ಬಕೆಟ್ಟಿಗೆ ಹಾಕಿದಳು.

ಒಳಗೆ ಮಂಚದ ಮೇಲೆ ಕೂಸು ಕೂತಿತ್ತು. ಸತ್ತವನ ಒಬ್ಬಳೇ ಮಗಳು. ವಯಸ್ಸು ಮೂವತ್ತೊಂದಾಗಿದ್ದರೂ ಬುದ್ಧಿ ಮೂರರಲ್ಲೇ ನಿಂತಿತ್ತು, ಕೂಸು ಎಂಬ ಹೆಸರೂ ಅಲ್ಲೇ ನಿಂತಿತ್ತು. ಅಪ್ಪ ಆಸ್ಪತ್ರೆ ಸೇರಿದಂದಿನಿಂದ, ಐದು ದಿನ, ಸ್ನಾನವಿಲ್ಲ.

"ಇವಳನ್ನ ನಾನೇ ಇಟ್ಕೋತೀನಿ ಕಣ್ರೀ."

"ನೋಡೋಣ," ಎಂದು ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಆಮೇಲೆ ಅವನಿಗೇ ಏನನ್ನಿಸಿತೋ, "ಒಂದು ಸಲ ಸ್ನಾನ ಮಾಡಿಸು, ಆಮೇಲೆ ಇಟ್ಕೋ. ನಾನು ಬೇಡ ಅನ್ನಲ್ಲ. ಆಗದಿದ್ರೆ ಸಂಜೆ ಆಶ್ರಮದ ಗಾಡಿ ಬರುತ್ತೆ, ಹೇಳಿಟ್ಟಿದ್ದೀನಿ," ಎಂದ.

*

ತಮ್ಮ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವನು. ದಿನಕ್ಕೆ ನಲವತ್ತು ಬಸ್ಸು ತೊಳೆದು ಬಂದು ಒಬ್ಬ ಮಗಳ ಮೈ ತೊಳೆಯಲಾರದೆ ಸೋಲುತ್ತಿದ್ದ. ತಾಯಿ ಸತ್ತ ಮೇಲೆ ಅವಳಿಗೆ ನೀರೆಂದರೆ ಕಿರುಚಾಟ. ಮೈ ಉಜ್ಜುವ ನಾರಿಗೆಂದು ಹೀರೆ ಬೆಳೆಸಿದ. ಮೊದಲ ಕಾಯಿ ಬಳ್ಳಿಯಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ, ಒಳಗೆ ಬೀಜ ಬಿಡಿಯಾಗಿದೆಯೇ ಎಂದು ಅಲ್ಲಾಡಿಸಿದ. ಗಲಗಲ ಅಂದಿತು. ಕೂಸು ಕಿರುಚುವುದನ್ನು ನಿಲ್ಲಿಸಿ ಕಿವಿ ಕೊಟ್ಟಳು, ನಕ್ಕಳು, ಆ ಸದ್ದಿನ ಹಿಂದೆಯೇ ಬಚ್ಚಲಿಗೆ ನಡೆದಳು.

ಅಂದಿನಿಂದ ಒಂದು ಒಣಕಾಯಿ ಸದಾ ಬಚ್ಚಲ ಗೂಟದಲ್ಲಿ ತೂಗುತ್ತಿತ್ತು. ಕಳೆದ ವಾರ ಅವಳ ಬೆನ್ನು ಹುಣ್ಣಾಯಿತು. ಹಳೆಯ ನಾರು ಚುಚ್ಚುತ್ತದೆಂದು, ಹೊಸ ನಾರಿಗಾಗಿ ಆ ಒಂದನ್ನೂ ಸುಲಿದು ಬೀಜ ಉದುರಿಸಿದ. ಬಳ್ಳಿಯಲ್ಲಿ ಏಳಿವೆಯಲ್ಲ, ಇನ್ನೇನು ಒಣಗುತ್ತವೆ ಎಂದುಕೊಂಡ.

*

ಮಣ್ಣು ಮಾಡಿ ಬಂದವರಲ್ಲಿ ಗಂಡನ ಹಿಂದೆ ಕೆಳಗಿನ ಮನೆಯ ದರ್ಜಿ ಮಾತ್ರ ಮೇಲಕ್ಕೆ ಬಂದ. ಕೂಸು ಬಚ್ಚಲ ಬಾಗಿಲಿಗೆ ಕಾಲು ಕೊಟ್ಟು ಕಿರುಚುತ್ತಿದ್ದಳು. ಅಕ್ಕನ ಕೈಯೆಲ್ಲ ಪರಚಿದ ಗೀರು.

"ಹಾಗೆಲ್ಲ ಬರಲ್ಲಮ್ಮ ಅವಳು. ಕಿವಿ ಹತ್ರ ಒಣಗಿದ ಹೀರೆಕಾಯಿ ಅಲ್ಲಾಡಿಸ್ಬೇಕು. ನಿಮ್ಮ ತಮ್ಮ ಹಾಗೇ ಕರ್ಕೊಂಡು ಹೋಗ್ತಿದ್ದಿದ್ದು."

ಅಕ್ಕ ಬಕೆಟ್ಟಿನ ಕಡೆ ನೋಡಿದಳು.

"ಬಿಸಿಲಲ್ಲಿಟ್ರೆ ಒಣಗಲ್ವಾ?"

"ಕೊಳೆಯುತ್ತೆ. ಬಳ್ಳೀಲೇ ಇನ್ನೊಂದು ಇಪ್ಪತ್ತು ದಿನ ಬಿಡಬೇಕಿತ್ತು. ಒಂದು ಮಾತು ನನ್ನ ಕೇಳಿದ್ರೆ..."

ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಎಲ್ಲ ಊರಿನಲ್ಲೂ ಒಬ್ಬ ಇರುತ್ತಾನೆ. ಬಳ್ಳಿ ಕೊಯ್ದ ಕೈಯನ್ನೇ ಕೊಯ್ದುಕೊಳ್ಳುವಷ್ಟು ಸಂಕಟವಾಗಿತ್ತು ಅಕ್ಕನಿಗೆ. ಡಬ್ಬಿಗೆ ಒಂದು ಹಿಡಿ ಕಾಳು ಹಾಕಿ ಅಲ್ಲಾಡಿಸಿದಳು. ಕೂಸು ಎರಡೂ ಕಿವಿ ಮುಚ್ಚಿಕೊಂಡು ಇನ್ನೂ ಜೋರಾಗಿ ಕಿರುಚಿದಳು.

ಕೊನೆಗೆ, ಇದ್ದುದರಲ್ಲಿ ಹಳದಿಯಾದ ಕಾಯಿಯನ್ನು ಆರಿಸಿ ಅವಳ ಮುಂದೆ ಹಿಡಿದಳು. "ಬಾ ಪುಟ್ಟಾ, ನೋಡು, ಅಪ್ಪಂದು."

ಕಿರುಚಾಟ ನಿಂತಿತು. ಕೂಸು ಕಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಬಚ್ಚಲಲ್ಲಿ ಕಾಯಿಸಿಟ್ಟ ನೀರು ಆರುತ್ತಿತ್ತು.

ಕೆಳಗೆ ಗಾಡಿ ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಗಂಡ ಕೂಸಿನ ಬಟ್ಟೆಯ ಚೀಲ ಎತ್ತಿಕೊಂಡ.

ಕೂಸು ಕಾಯಿಯನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಮತ್ತೆ ಅಲ್ಲಾಡಿಸಿದಳು.