ಬಲಗೈಯ ಅತ್ತರು

ಹೇರಳೆಕಾಯಿ ಸಿಪ್ಪೆ ಸುಲಿದವರು ಯಾರು ಈ ಹೊತ್ತಿನಲ್ಲಿ, ಮೂಗಿನ ಹೊಳ್ಳೆ ಚುರ್ ಅನ್ನುವ ಹಾಗೆ — ಯಾರೂ ಅಲ್ಲ, ತನ್ನದೇ ಮಣಿಕಟ್ಟು, ಜಗದಾಂಬ ಮತ್ತೆ ಮೂಸಿ ನೋಡಿಕೊಂಡಳು, ಅತ್ತರು, ದೊಡ್ಡೇರಿಯ ಪರ್ವತಯ್ಯನವರು ಶಿರಾದ ಸಾಬರ ಅಂಗಡಿಯಿಂದ ತಂದದ್ದು, ಹೆಂಡತಿ ಸತ್ತವರು ಅವರು, ಗಂಡ ಸತ್ತು ನಾಲ್ಕು ವರ್ಷವಾದವಳು ತಾನು, ಸೀರೆ ಉಡಿಸಿ ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಕೇಳಲು ಬಂದು ಪಡಸಾಲೆಯಲ್ಲಿ ಕೂತಿದ್ದಾರೆ, ಹೂಂ ಅಂತೀಯೋ ಊಹೂಂ ಅಂತೀಯೋ ನೀನೇ ಹೇಳ್ಬುಡವ್ವ, ನಾನು ಬಲವಂತ ಮಾಡಾಕಿಲ್ಲ ಕಣವ್ವ, ಅತ್ತೆ ಕರಿಬಸಮ್ಮ ಶೀಶೆ ಕೈಗಿಟ್ಟು ಹೋದಳು, ಹೇಳುವಾಗ ಗೋಡೆ ನೋಡುತ್ತಿದ್ದಳು, ಪಾಪ, ಸತ್ತವನು ಅವಳ ಮಗನಲ್ಲವೇ. ಒಂದೇ ಹನಿ, ಉಗುರಗಲ, ಹಳದಿ. ಮೊದಲು ಎಡಗೈ ಚಾಚಿದ್ದಳು, ಥೂ, ಎಡಗೈ ಲಿಂಗ ಹಿಡಿಯುವ ಕೈ, ಪೂಜೆ ಮುಗಿದು ಗಳಿಗೆಯಾಗಿಲ್ಲ, ಬೆರಳಲ್ಲಿ ವಿಭೂತಿ ಇನ್ನೂ ಹಸಿ, ಪರಗಂಡಸಿನ ಅತ್ತರು ಆ ಕೈಗೇಕೆ ಎಂದು ಬಲಗೈಗೆ ಬಿಟ್ಟುಕೊಂಡಳು, ಬಲು ಜಾಣೆ. ಬಿಟ್ಟುಕೊಂಡಾಗ ಬರೀ ಸಿಪ್ಪೆ, ಹುಳಿ, ಕಣ್ಣಲ್ಲಿ ನೀರು ಬರುವಷ್ಟು, ಮೈಗೆ ಹತ್ತುತ್ತ ಹತ್ತುತ್ತ ಲವಂಗ, ಲವಂಗದ ಹಿಂದೆಯೇ ಚಕ್ಕೆ, ಆಮೇಲೆ ಹೆಸರಿಲ್ಲದ್ದೇನೋ, ಬೆಚ್ಚಗೆ — ಅವರದೂ ಹೀಗೇ ಇತ್ತಲ್ಲವೇ, ಸಂತೆಯಿಂದ ಬಂದು ಬಾಯಲ್ಲಿ ಲವಂಗ ಇಟ್ಟುಕೊಂಡೇ ಅಂಗಿ ಬಿಚ್ಚುವಾಗ, ಇತ್ತೋ, ಇರಲಿಲ್ಲವೋ — ಅವರು ಅಂದರೆ ಯಾವ ಅವರು, ಗಂಡನ ಹೆಸರು ಹೇಳುವಂತಿಲ್ಲ, ಪಡಸಾಲೆಯವರ ಹೆಸರು ನಾಚಿಕೆಗೆ ಬಾಯಿಗೆ ಬರುವುದಿಲ್ಲ, ಇಬ್ಬರೂ ಅವರೇ, ಒಳ್ಳೆ ಫಜೀತಿ.

ತೀರಿಹೋದ ಅವರನ್ನೇ ಕೇಳಿಬಿಡೋಣ ಎಂದು ಪೆಟ್ಟಿಗೆ ತೆರೆದಳು, ಸೋಮವಾರ ಸೋಮವಾರ ತೆರೆಯುವ ಪೆಟ್ಟಿಗೆ, ಮಹಾರಾಜರ ಸವಾರಿ ಬಂದ ವರ್ಷ ಹೊಲಿಸಿದ ಬಿಳಿ ಅಂಗಿ, ಜ್ವರ ಬರುವ ಮುಂಚಿನ ದಿನ ತೊಟ್ಟು ಬಿಚ್ಚಿದ್ದು, ಒಗೆದಿಲ್ಲ, ಒಗೆಯಲು ಅತ್ತೆಯೂ ಬಿಟ್ಟಿಲ್ಲ, ಹಬ್ಬಕ್ಕೊಮ್ಮೆ ಬಂದು ಕೊರಳಪಟ್ಟಿ ಮೂಸಿ, ನನ್ ಕಂದ ಇಲ್ಲೇ ಅವ್ನೆ ಕಣವ್ವ, ಬೆವರು, ಹೊಗೆಸೊಪ್ಪು, ಎಲ್ಲಾ ಅಂಗೇ ಅದೆ. ನಾಲ್ಕು ವರ್ಷ ಏನು ಕೇಳಿದರೂ ಬೇಡ ಎಂದ ಅಂಗಿ. ಇವತ್ತು ಮುಖಕ್ಕೊತ್ತಿಕೊಂಡರೆ ಬೆಚ್ಚಗೆ, ಲವಂಗ, ಹೂಂ ಅನ್ನು, ಹೂಂ ಅನ್ನು, ಎದೆ ಹಗುರಾಯಿತು, ಒಪ್ಪಿಬಿಟ್ಟರಲ್ಲ ಎಂದು ಅಳುವೇ ಬಂತು — ಒಪ್ಪಿದವರು ಯಾರು, ಅಂಗಿ ಎತ್ತಿದ್ದು ಯಾವ ಕೈ, ಬಲಗೈ, ಅಯ್ಯೋ ಶಿವನೇ. ತೋಳು ಮೂಸಿದಳು, ಬೆನ್ನು ಮೂಸಿದಳು, ಕಂಕುಳು, ಬೆವರಿಲ್ಲ, ಹೊಗೆಸೊಪ್ಪಿಲ್ಲ, ಅಥವಾ ಇದೆಯೋ, ತನ್ನ ಮೂಗಿಗೇ ಅತ್ತರು ಹತ್ತಿದೆಯೋ, ಹೇರಳೆ, ಎಲ್ಲೆಲ್ಲೂ ಹೇರಳೆ, ದೇವರ ಕೈ ಕಾಯಲು ಹೋಗಿ ಅವರನ್ನು ಕಳೆದುಕೊಂಡೆ. ಗಾಡಿಗೆ ಎತ್ತು ಹೂಡ್ತಾವ್ರೆ ಕಣವ್ವ, ಏನಂತ ಹೇಳ್ಲಿ, ಕದದಾಚೆ ಅತ್ತೆ, ಆಮೇಲೆ ದನಿ ತಗ್ಗಿಸಿ, ಅವ್ನ ಅಂಗಿ ತಗ್ದಿದ್ದೀಯೇನವ್ವ, ತತ್ತಾ ಇಲ್ಲಿ, ನಾನೂ ಒಂದು ಮಾತು ಕೇಳ್ತೀನಿ ಅವ್ನ್ನ. ಹೂಂ, ಅಂದುಬಿಟ್ಟಳು ಜಗದಾಂಬ, ಯಾವುದಕ್ಕೆ ಹೂಂ, ಅತ್ತೆಗೋ, ಅವರಿಗೋ, ಯಾವ ಅವರಿಗೆ, ಕದ ಕಿರ್ ಅಂದಿತು, ಅತ್ತೆಯ ಕೈ ಒಳಗೆ ಚಾಚಿತು, ಬಿಳಿ ಕೊರಳಪಟ್ಟಿ, ಅದರ ಮೇಲೆ ಉಗುರಗಲ, ಹಳದಿ.